ಬೇಸ್‌ಗೆ ಸೇರದ ತಂತಿ

ಬಲ್ಬ್ ಹತ್ತಲಿಲ್ಲ. ಅಪ್ಪ ಕನ್ನಡಕ ಏರಿಸಿಕೊಂಡು, ಮಗಳು ಮುಂದಿಟ್ಟ ಬೋರ್ಡಿನ ಟ್ರಾನ್ಸಿಸ್ಟರನ್ನು ಬೆರಳ ತುದಿಯಿಂದ ಮುಟ್ಟಿದರು. ನಾಲ್ಕು ತಿಂಗಳ ಹಿಂದೆ ಅಮ್ಮ ತೀರಿಕೊಂಡಾಗಿನಿಂದ ಆ ಮನೆಯಲ್ಲಿ "ಹೂಂ", "ಬೇಡ" ಬಿಟ್ಟರೆ ಮಾತೇ ಇರಲಿಲ್ಲ.

"ಬೇಸ್‌ಗೆ ತಂತಿಯೇ ಸೇರಿಲ್ವಲ್ಲೇ, ಪೆದ್ದಿ! ಈ ಕಾಲಿಗೆ ಒಂಚೂರು ಕರೆಂಟ್ ಕೊಟ್ರೆ ತಾನೇ ಉಳಿದೆರಡರ ಮಧ್ಯೆ ದೊಡ್ಡ ಕರೆಂಟ್ ಹರಿಯೋದು? ಕಾಲೇಜಲ್ಲಿ ಏನು ಮಣ್ಣು ಹೊತ್ತೆ?" ಅಪ್ಪ ಒಂದೇ ಉಸಿರಿಗೆ ಬೈದರು. ಮಗಳು ತಲೆ ತಗ್ಗಿಸಿ, ಒಂದಕ್ಷರವೂ ತಪ್ಪದಂತೆ ಕೇಳಿಸಿಕೊಂಡಳು. ಆ ತಂತಿಯನ್ನು ಬೆಳಿಗ್ಗೆ ಕತ್ತರಿಸಿದ್ದು ಅವಳೇ.

ಅಪ್ಪ ಬೆಸುಗೆ ಹಾಕಿದರು. ಬಲ್ಬ್ ಹತ್ತಿತು, ಮಾತು ನಿಂತಿತು. ಅವಳು ಬೋರ್ಡ್ ಎತ್ತಿಕೊಂಡು ಬಾಗಿಲವರೆಗೆ ಹೋದಳು.

"ತಂತಿ ಕತ್ತರಿಸಿದ ಗುರುತು ಹೊಸದು ಕಣೇ," ಅಂದರು ಅಪ್ಪ, ತಲೆ ಎತ್ತದೆ. "ನಾಳೆ ಸ್ವಲ್ಪ ಕಷ್ಟದ ತಪ್ಪು ಮಾಡ್ಕೊಂಡು ಬಾ."