ಹೆಬ್ಬೆರಳು

ವೈದ್ಯ ವಿದ್ಯಾರ್ಥಿನಿ ಕಯಲ್ವಿಳಿ ಬೀಗದ ಕೈಯ ತುದಿಯಿಂದ ಅಂಗಾಲನ್ನು ಗೀರಿದ ಕೂಡಲೇ, ಮಂಚದ ಮೇಲಿದ್ದ ಪಾಟಿ, ಎಂದರೆ ಅಜ್ಜಿ, ಸೋತ ಕಾಲನ್ನು ಹೇಗೋ ಹಿಂದಕ್ಕೆಳೆದುಕೊಂಡಳು. "ಅಯ್ಯಯ್ಯೋ, ಡಾಕ್ಟರಮ್ಮ ನನ್ನ ಕಾಲು ಮುಟ್ಟೋದಾ! ಆ ಪಾಪ ಎಲ್ಲಿ ಕಳ್ಕೊಳ್ಳಲಿ ತಾಯಿ?"

ಮದುರೆಯ ಆ ನರರೋಗದ ವಾರ್ಡಿನಲ್ಲಿ ಸಹಪಾಠಿಗಳು ನಕ್ಕರು. "ಪುಸ್ತಕವೆಲ್ಲ ಬಾಯಿಪಾಠ ಅಂದೋಳು ಇವಳೇ ಅಲ್ವಾ?" ಎಂದನೊಬ್ಬ. ಪ್ರೊಫೆಸರ್ ನಗಲಿಲ್ಲ. "ಸಂಕೋಚಕ್ಕೆ ಎಳೆದ ಕಾಲು ಏನೂ ಹೇಳೋದಿಲ್ಲಮ್ಮ. ಇನ್ನೊಂದ್ಸಲ ನೋಡು."

ಅಂಗಾಲು ಗೀರಿದಾಗ ಹೆಬ್ಬೆರಳು ಕೆಳಗೆ ಬಾಗಿದರೆ ಭಯವಿಲ್ಲ. ಮೇಲೆದ್ದರೆ ಕೇಡು ಮಿದುಳಿನದು. ಎದೆಯ ರೋಗಕ್ಕೆ ಸದ್ದಾದರೂ ಇದೆ. ಇಲ್ಲಿ ಕೇಳಲು ಸದ್ದಿಲ್ಲ, ನೋಡಲು ಗಾಯವಿಲ್ಲ. ಈ ವಾರ್ಡೆಂದರೆ ವಿದ್ಯಾರ್ಥಿಗಳಿಗೆಲ್ಲ ಅದಕ್ಕೇ ಅಂಜಿಕೆ. ಕಯಲ್ವಿಳಿ ಮಂಚದ ಬಳಿ ಮಂಡಿಯೂರಿದಳು. "ಪಾಟಿ, ನಾನಿನ್ನೂ ಓದ್ತಿರೋ ಹುಡುಗಿ. ಆಶೀರ್ವಾದ ಕೇಳ್ತಿದೀನಿ ಅಂದ್ಕೊಳ್ಳಿ."

"ಹಾಗಾದ್ರೆ ಸರಿ ಬಿಡು." ಪಾಟಿ ಕಾಲು ಚಾಚಿ, ಕೈಯೆತ್ತಿ ಹರಸಿದಳು. "ನೂರು ವರ್ಷ ಬಾಳು ಮಗಳೇ. ಮೀನಾಕ್ಷಿ ನಿನ್ನ ಕೈಗೆ ಒಳ್ಳೇ ಗುಣ ಕೊಡ್ಲಿ. ಮೊದಲು ನನ್ನನ್ನೇ ಎಬ್ಬಿಸಿ ನಡೆಸು."

ಆ ಮಾತು ಮುಗಿಯುವ ಮೊದಲೇ ಕಯಲ್ವಿಳಿ ಅಂಗಾಲನ್ನು ಮತ್ತೆ ಗೀರಿದಳು. ಹೆಬ್ಬೆರಳು ಮೆಲ್ಲಗೆ ಮೇಲೆದ್ದಿತು.

"ಏನು ಕಂಡಿತು, ಹೇಳಮ್ಮ," ಎಂದರು ಪ್ರೊಫೆಸರ್. ಉತ್ತರ ಗೊತ್ತಿದ್ದ ಕಯಲ್ವಿಳಿ ಆ ಪಾದವನ್ನು ಎರಡೂ ಕೈಗಳಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡಳು.