ಹಠಮಾರಿಗೆ ಊಟ

ಅಳಿಯ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು, ತುದಿಗಾಲಲ್ಲಿ ಬಾಗಿಲು ದಾಟಿದ. ಭಾನುವಾರ, ಅದೂ ಕಾಫಿಗೆ ಮುಂಚೆ. ಕುರ್ಚಿಯಲ್ಲಿ ನಿದ್ದೆ ಬಂದವರ ಹಾಗೆ ಕೂತಿದ್ದ ಅತ್ತೆ ಒಂದು ಕಣ್ಣು ತೆರೆದರು.

ಆಪರೇಷನ್ ಆದಮೇಲೆ ಮಗಳ ಮನೆಗೆ ಬಂದವರು ಅವರು. ಮಲಗಿರಬೇಕು, ಮನಸ್ಸಿಗೆ ಏನನ್ನೂ ಹಚ್ಚಿಕೊಳ್ಳಬಾರದು ಎಂದು ಡಾಕ್ಟರು ಹೇಳಿದ್ದರು. ಮಲಗಿದರು ಸರಿ, ಕಿವಿಯೂ ಮಲಗಬೇಕಲ್ಲ! ಹಿಂದಿನ ದಿನ ಅಳಿಯ ಬಚ್ಚಲಿನ ಬಾಗಿಲು ಹಾಕಿಕೊಂಡು ಫೋನಿನಲ್ಲಿ ಪಿಸುಗುಟ್ಟಿದ್ದು ಚೆನ್ನಾಗಿಯೇ ಕೇಳಿತ್ತು.

"ರಜಾ ಅಂತ ಉಪವಾಸ ಕೆಡವೋಕಾಗುತ್ತಾ? ನಾಳೆ ನಾನೇ ಬಂದು ಊಟ ಕೊಡ್ತೀನಿ. ನಮ್ಮತ್ತೆಗೆ ಮಾತ್ರ ಗೊತ್ತಾಗಬಾರದು."

ಹೆಂಡತಿಗೆ ಎನ್ನಲಿಲ್ಲ, ಅತ್ತೆಗೆ ಎಂದ. ಮನೆಯಲ್ಲಿ ಬುದ್ಧಿ ಇರುವುದು ಯಾರಿಗೆ ಎಂದು ಅವನಿಗೂ ಗೊತ್ತು! ಈಚೆಗೆ ಅವನ ಅಂಗಿಯಲ್ಲಿ ಯಾವುದೋ ಎಲೆಯ ಘಮ ಬೇರೆ, ಹೆಂಗಸರ ತಲೆಯೆಣ್ಣೆಯ ಹಾಗೆ. ಮಗಳನ್ನು ಕೇಳಿದರೆ, "ಅವರಿಗೆ ಕೆಲಸ ಇರುತ್ತಮ್ಮ" ಎಂದು ಮುಖ ತಿರುಗಿಸಿದಳು. ಭುಜ ಅಲುಗಿತು. ಪಾಪ, ಅಳು ನುಂಗುತ್ತಿದ್ದಾಳೆ ಎಂದುಕೊಂಡರು ಅತ್ತೆ.

ಮಗಳ ಸಂಸಾರ ಕಣ್ಣೆದುರೇ ಮುಳುಗುವಾಗ ಹೊದ್ದು ಮಲಗುವ ಹೆಂಗಸೇ ಇವರು? ತಲೆಗೆ ಸ್ಕಾರ್ಫ್ ಬಿಗಿದುಕೊಂಡು, ಗೋಡೆ ಹಿಡಿದು ಹಿಡಿದು ಹಿಂದೆಯೇ ಹೊರಟರು. ಅಳಿಯನ ಲ್ಯಾಬು ಪಕ್ಕದ ಬೀದಿಯಲ್ಲೇ ಇತ್ತು.

ಕಾವಲಿನವನು ತಡೆದ. "ಎಲ್ಲಿಗಮ್ಮಾ?"

"ನಮ್ಮ ಅಳಿಯಂದಿರು ಯಾರಿಗೋ ಊಟ ಕೊಡ್ತಿದಾರಂತೆ. ಕಣ್ತುಂಬ ನೋಡೋಣ ಅಂತ."

"ಓ, ಹಠಮಾರಿಗಾ? ಹೋಗಿ, ಎರಡನೇ ಬಾಗಿಲು."

ಇವನಿಗೂ ಗೊತ್ತು! ಊರಿಗೇ ಗೊತ್ತು!

ಬಾಗಿಲ ಸಂದಿಯಲ್ಲಿ ಅಳಿಯನ ಬೆನ್ನು ಕಂಡಿತು. ಪಕ್ಕದಲ್ಲಿ ಬಿಳಿ ಕೋಟಿನ ಹೆಂಗಸೊಬ್ಬಳು.

"ಹೊಟ್ಟೆ ತುಂಬ ಆಯ್ತು," ಎಂದ ಅಳಿಯ. "ಇನ್ನು ವಿಷ."

"ಪಾಪ ಅನ್ಸಲ್ವಾ ಸರ್? ಇಷ್ಟು ಮುದ್ದಾಗಿ ಸಾಕಿದೀರಿ."

"ಸಾಯಲಿ ಅಂತಲೇ ಸಾಕಿದ್ದು."

ಅತ್ತೆ ಬಾಗಿಲು ತಳ್ಳಿದರು. "ಅಯ್ಯೋ ಕೊಲೆಗಡುಕರಾ! ಎಲ್ಲಿ ಬಚ್ಚಿಟ್ಟಿದೀರಿ ಅವಳನ್ನ?"

ಕೋಣೆಯಲ್ಲಿ ಮತ್ತಾರೂ ಇರಲಿಲ್ಲ. ಅಳಿಯನ ಕೈಯಲ್ಲಿ ಅಂಗೈಯಗಲದ, ಮುಚ್ಚಳ ಹಾಕಿದ ಗಾಜಿನ ತಟ್ಟೆಯೊಂದಿತ್ತು.

ಅವನು ಬೆವರೊರೆಸಿಕೊಳ್ಳುತ್ತ ಬಿಡಿಸಿ ಹೇಳಿದ. ತಟ್ಟೆಯಲ್ಲಿರುವುದು ಮಿದುಳಿನ ಕ್ಯಾನ್ಸರ್ ಗಡ್ಡೆಯ ಜೀವಕೋಶಗಳು. ಅವಕ್ಕೆ ಭಾನುವಾರವೂ ಒಂದೇ, ಸೋಮವಾರವೂ ಒಂದೇ. ಹೊತ್ತಿಗೆ ಊಟ ಬೀಳದಿದ್ದರೆ ಸೊರಗುತ್ತವೆ. ಹಾಗೆ ಸತ್ತರೆ ಕೊಂದದ್ದು ಔಷಧವೋ ಹಸಿವೋ ತಿಳಿಯುವುದಿಲ್ಲ. ಅದಕ್ಕೇ ಚೆನ್ನಾಗಿ ಸಾಕಿ, ಆಮೇಲೆ ಗಿಡಗಳಿಂದ ತೆಗೆದ ಸತ್ವ ಹನಿಸುವುದು. ಬೇರು ಸೋತಿತ್ತು, ತೊಗಟೆ ಸೋತಿತ್ತು. ಹಠಮಾರಿ ಎಂಬ ಹೆಸರು ಬಂದದ್ದೇ ಹಾಗೆ. ಈಚೆಗೆ ಒಂದು ಎಲೆಯ ಸತ್ವಕ್ಕೆ ಮಾತ್ರ ಸ್ವಲ್ಪ ಬಗ್ಗಿದೆ.

"ಅಂದ್ರೆ ಔಷಧಿ ಸಿಕ್ಕೇಬಿಡ್ತು!"

"ಇಲ್ಲ ಅತ್ತೆ. ತಟ್ಟೇಲಿ ಸಾಯೋದು ಬೇರೆ, ತಲೇಲಿ ಸಾಯೋದು ಬೇರೆ. ಇನ್ನೂ ಬಹಳ ದೂರ ಇದೆ. ಸುಮ್ಮನೆ ಆಸೆ ಹುಟ್ಟಿಸಬಾರದು ಅಂತಲೇ ನಿಮ್ಮ ಹತ್ರ ಬಾಯಿ ಬಿಡಲಿಲ್ಲ."

ಮಗಳ ಸಂಸಾರ ಉಳಿಯಿತು. ಅತ್ತೆಗೆ ಹೋದ ಉಸಿರು ಬಂದಂತಾಯಿತು. ಉಸಿರಿನ ಜೊತೆಗೆ ಮಾತೂ ಬಂತು. ತಟ್ಟೆಯನ್ನು ಇಣುಕಿ ನೋಡಿ ಮೂಗು ಮುರಿದರು.

"ಥೂ, ಏನು ಹಠವಪ್ಪಾ ಇದಕ್ಕೆ! ನನ್ನ ತಲೇಲೂ ಒಂದಿತ್ತಲ್ಲ, ಕರೆದ ಕೂಡಲೇ ಸಾಧುವಾಗಿ ಹೊರಗೆ ಬಂತು. ಇದು ಯಾವ ಜಗಳಗಂಟಿ ತಲೇಲಿ ಬೆಳೆದಿತ್ತೋ! ಅವಳ ಅಳಿಯನ ಗತಿ ಏನೋ ಪಾಪ!"

ಬಿಳಿ ಕೋಟಿನವಳಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು.

ಅಳಿಯ ನೆಲ ನೋಡುತ್ತ ಹೇಳಿದ: "ತೆಗೆದದ್ದನ್ನ ಸಂಶೋಧನೆಗೆ ಕೊಡ್ತೀರಾ ಅಂತ ಡಾಕ್ಟರು ಕೇಳಿದಾಗ ನೀವೇ ಅಂದ್ರಲ್ಲ ಅತ್ತೆ, 'ಧಾರಾಳವಾಗಿ ಇಟ್ಕೊಳ್ಳಿ, ನನಗೆ ವಾಪಸ್ ಮಾತ್ರ ಬೇಡ' ಅಂತ."