ಕಾಲುವೆಯ ನೀರು

ಮಗಳ ಚೀಲದಲ್ಲಿ ನೀರಿನ ಸೀಸೆ ಕಂಡದ್ದೇ ಬಣ್ಣದ ಮೇಸ್ತ್ರಿ ಅದನ್ನು ಹೊರಗೆಳೆದ. ಕುಡಿಯುವ ನೀರಿಗೆ ಯಾರಾದರೂ ತಾರೀಖಿನ ಚೀಟಿ ಅಂಟಿಸುತ್ತಾರೆಯೇ? ಚೀಟಿಯಲ್ಲಿ ‘ಕಾಲುವೆ’ ಎಂದಿತ್ತು. ಅವನು ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಕೊಳೆನೀರು ಹೋಗುವುದು ಅದೇ ಕಾಲುವೆಗೆ.

“ಏನೇ ಇದು?”

“ಕಾಲೇಜಿನ ಕೆಲಸ ಅಪ್ಪಾ. ನಾಳೆ ಲ್ಯಾಬ್‌ಗೆ ಕೊಡ್ಬೇಕು.”

“ನಿಂದು ಅದೆಂಥಾ ಓದು? ಒಂದಿನ ಅರ್ಥಶಾಸ್ತ್ರ ಅಂತೀಯ, ಒಂದಿನ ಕಾನೂನು ಅಂತೀಯ, ಈಗ ನೀರು!”

“ಎಲ್ಲಾ ಸೇರಿದ್ರೇನೇ ನಮ್ಮ ವಿಷಯ. ಪ್ರಪಂಚದ ಸಮಸ್ಯೆಗಳು. ಒಂದು ಅಂಗಿ ಬಗ್ಗೆ ಓದೋದಾದ್ರೂ ಅದರ ಬೆಲೆ, ಕಾನೂನು, ನೀರು ಎಲ್ಲಾ ನೋಡ್ಬೇಕಲ್ವಾ?”

ಪ್ರಪಂಚದಲ್ಲಿ ಅಷ್ಟೊಂದು ಸಮಸ್ಯೆ ಬಿದ್ದಿರುವಾಗ ಇವಳಿಗೆ ಅಪ್ಪನ ಕಾಲುವೆಯೇ ಬೇಕಿತ್ತೇ! ಯಾವನೋ ಮೇಷ್ಟ್ರು ಕಿವಿ ಊದಿದ್ದಾನೆ, ಹೊಟ್ಟೆಯಲ್ಲಿ ಹುಟ್ಟಿದವಳ ಕೈಯಿಂದಲೇ ತಿನ್ನುವ ಅನ್ನಕ್ಕೆ ಕಲ್ಲು ಹಾಕಿಸುತ್ತಿದ್ದಾನೆ ಎಂದು ಮೇಸ್ತ್ರಿಗೆ ಖಾತ್ರಿಯಾಯಿತು. ಕಾರ್ಖಾನೆಯವರು ಬಣ್ಣ ತೆಗೆದೇ ನೀರು ಬಿಡುತ್ತಾರೆ, ನೋಡಲು ತಿಳಿಯಾಗಿಯೇ ಇರುತ್ತದೆ. ಆದರೆ ಬಟ್ಟೆಗೆ ಬಣ್ಣ ಕೂರಲೆಂದು ಹಾಕುವ ಲೋಹದ ಉಪ್ಪು ಅದರಲ್ಲೇ ಉಳಿಯುತ್ತದೆ. ಅದನ್ನು ತೊಟ್ಟಿಗೆ ಸುರಿಯುವವನೇ ಅವನು, ಗೊತ್ತಿಲ್ಲವೇ? ಕಾರ್ಖಾನೆಗೆ ಬೀಗ ಬಿದ್ದರೆ ಇಪ್ಪತ್ತು ವರ್ಷದ ಕೆಲಸ ಹೋದಂತೆಯೇ.

ಮಗಳು ಸ್ನಾನಕ್ಕೆ ಹೋದದ್ದೇ ತಡ, ಮೇಸ್ತ್ರಿ ಸೀಸೆಯ ನೀರನ್ನು ಮೋರಿಗೆ ಚೆಲ್ಲಿ, ಸೀಸೆಯನ್ನು ಎರಡು ಸಲ ತೊಳೆದು, ಅಡುಗೆಮನೆಯ ನಲ್ಲಿಯಿಂದ ತುಂಬಿಸಿಟ್ಟ. ಪ್ರಪಂಚದ ಒಂದು ಸಮಸ್ಯೆ ಬಗೆಹರಿಯಿತು, ಅದಕ್ಕೆ ಯಾವ ಕಾಲೇಜೂ ಬೇಕಾಗಲಿಲ್ಲ ಎಂದು ಒಳಗೊಳಗೇ ಬೀಗಿದ.

ವಾರ ಕಳೆಯಿತು. ಗಂಡ, ಹೆಂಡತಿ, ಮಗಳು ಮೂವರೂ ಊಟಕ್ಕೆ ಕುಳಿತಿದ್ದಾಗ ಮಗಳು ಒಂದು ಹಾಳೆ ತೆಗೆದಳು.

“ಕಾಲುವೆ ನೀರಿನ ರಿಪೋರ್ಟ್ ಬಂತು. ಬಣ್ಣಕ್ಕೆ ಹಾಕೋ ಉಪ್ಪು ಇದೆಯಂತೆ. ಸುಮ್ನೆ ಅಷ್ಟಿಷ್ಟಲ್ಲ, ಇರಬೇಕಾದ್ದಕ್ಕಿಂತ ಹತ್ತು ಪಟ್ಟು ಜಾಸ್ತಿ!”

ಮೇಸ್ತ್ರಿಯ ಕೈಯ ತುತ್ತು ಕೈಯಲ್ಲೇ ಉಳಿಯಿತು. ಪಕ್ಕದಲ್ಲಿ ಹೆಂಡತಿ ನೀರಿನ ಲೋಟವನ್ನು ಬಾಯಿಗೆ ಎತ್ತಿದ್ದಳು.

“ಅಯ್ಯೋ, ಕುಡೀಬೇಡ ಕಣೇ!” ಎಂದು ಕಿರುಚಿ ಲೋಟವನ್ನು ತಳ್ಳಿಬಿಟ್ಟ.

“ಏನ್ರೀ ಬಂತು ನಿಮಗೆ? ಕೆಟ್ಟಿರೋದು ಕಾಲುವೆ ನೀರು. ಇದು ನಮ್ಮನೆ ನಲ್ಲೀದು!” ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡಳು.

ಮಗಳು ಹಾಳೆಯನ್ನು ಕೆಳಗಿಟ್ಟು, ಉರುಳಿದ ಲೋಟವನ್ನೊಮ್ಮೆ, ಅಪ್ಪನ ಮುಖವನ್ನೊಮ್ಮೆ ನೋಡಿದಳು.

“ಅಪ್ಪಾ,” ಎಂದಳು ನಿಧಾನವಾಗಿ, “ಈ ನೀರನ್ನ ನಾವು ಎಷ್ಟು ವರ್ಷದಿಂದ ಕುಡೀತಿದ್ದೀವಿ?”